ಅಕ್ಟೋಬರ್ ತಿಂಗಳ ಬೆನ್ನು

ಸ್ನಾನದ ಮನೆಯ ಗೋಡೆಗೆ ಕ್ಯಾಮೆರಾ ಬಂದ ವಾರವೆಲ್ಲ ನೋಲೀನ್ ಮನೆಯಲ್ಲಿ ಸ್ನಾನ ಮಾಡಲಿಲ್ಲ. ಟವೆಲ್ಲು, ಸೋಪು ಚೀಲಕ್ಕೆ ಹಾಕಿಕೊಂಡು ಹುಲ್ಲಿನ ಮೇಲೆ ಗುಂಡು ಉರುಳಿಸುವ ಬೌಲ್ಸ್ ಆಟದ ಕ್ಲಬ್ಬಿಗೆ ಹೋಗಿ ಅಲ್ಲಿಯ ಷವರಿನ ಕೆಳಗೆ ನಿಂತು ಬಂದಳು. ಎಪ್ಪತ್ತನಾಲ್ಕು ವರ್ಷದ ಹೆಂಗಸು ಒದ್ದೆ ತಲೆಯಲ್ಲಿ ಸಮುದ್ರದ ದಂಡೆಯ ರಸ್ತೆಯುದ್ದಕ್ಕೂ ನಡೆದು ಬರುವುದನ್ನು ಕ್ವೀನ್ಸ್‌ಲ್ಯಾಂಡಿನ ಬಾರ್ಗಾರಾದ ಅರ್ಧ ಊರು ನೋಡಿತು. ಊರು ನೋಡಲಿ ಎಂದೇ ಅವಳು ಹಾಗೆ ಮಾಡುತ್ತಿದ್ದಳೆಂದು ಸೊಸೆ ಟ್ರೂಡಿಗೆ ಗೊತ್ತಿತ್ತು.

"ನನ್ನ ಮನೆ, ನನ್ನ ಬಚ್ಚಲು," ಎಂದಳು ನೋಲೀನ್, ರಾತ್ರಿ ಊಟದ ಮೇಜಿನಲ್ಲಿ ಸಾಸೇಜು ಕತ್ತರಿಸುತ್ತ. "ಆ ಇಣುಕಪ್ಪ ಅಲ್ಲಿರೋವರೆಗೂ ನಾನು ಬಟ್ಟೆ ಬಿಚ್ಚಲ್ಲ."

"ಅದು ಇಣುಕಲ್ಲ ನೋಲೀನ್. ನಾವು ಒತ್ತಿದ್ರೆ ಮಾತ್ರ ಫೋಟೋ ತೆಗೆಯುತ್ತೆ. ತಿಂಗಳಿಗೊಂದ್ಸಲ."

"ಹಾಗಂತ ಅದೇ ಹೇಳ್ತಾ?"

"ಪೆಟ್ಟಿಗೆ ಮೇಲೆ ಬರೆದಿದೆ."

"ಪೆಟ್ಟಿಗೆ ಮೇಲೆ ಬರೆದಿದ್ದೆಲ್ಲ ನಿಜ ಆಗಿದ್ರೆ ನಿನ್ನ ಪುಡಿಂಗು ಉಬ್ಬಬೇಕಿತ್ತು."

ಗ್ಲೆನ್ ನಕ್ಕ. ಟ್ರೂಡಿ ಗಂಡನ ಕಡೆ ನೋಡಿದಳು. ಅವನು ನಗು ನುಂಗಿ ಆಲೂಗಡ್ಡೆಯ ಬಟ್ಟಲಿಗೆ ಕೈ ಹಾಕಿದ. ಹದಿನೇಳರ ಮಗಳು ಬ್ರೀ ಮಾತ್ರ ಅಜ್ಜಿಯ ಪಕ್ಷ ವಹಿಸಿದಳು.

"ನ್ಯಾನ್ ಹೇಳೋದು ಸರಿ ಮಮ್. ನನ್ನ ಬರಿ ಬೆನ್ನು ಯಾರ ಕಂಪ್ಯೂಟರಲ್ಲಿ ಕೂತಿರುತ್ತೋ ಯಾರಿಗೆ ಗೊತ್ತು?"

"ಸಮುದ್ರದ ದಂಡೇಲಿ ಇಡೀ ಕ್ವೀನ್ಸ್‌ಲ್ಯಾಂಡಿಗೆ ತೋರಿಸ್ತೀಯಲ್ಲ, ಆಗ ಯಾರಿಗೆ ಗೊತ್ತು ಅಂತ ಕೇಳಲ್ವಾ?"

"ಅದು ಬೇರೆ."

"ಏನು ಬೇರೆ?"

"ಅಲ್ಲಿ ಯಾರೂ ನನ್ನ ಮಚ್ಚೆ ಎಣಿಸ್ತಾ ನಿಂತಿರಲ್ಲ."

ಮನೆ ನೋಲೀನಳದ್ದೇ. ಗಂಡ ಮರ್ವಿನ್ ತೀರಿಕೊಂಡ ಮೇಲೆ, ತಾಯಿ ಒಬ್ಬಳೇ ಆಗುತ್ತಾಳೆಂದು ಗ್ಲೆನ್ ತನ್ನ ಬಾಡಿಗೆ ಮನೆ ಬಿಟ್ಟು ಹೆಂಡತಿ ಮಗಳನ್ನು ಕರೆದುಕೊಂಡು ಇಲ್ಲಿಗೆ ಬಂದಿದ್ದ. ಬಾಡಿಗೆ ಏರಿದ್ದಕ್ಕೆ ಬಂದರು ಎಂದು ನೋಲೀನ್ ಕ್ಲಬ್ಬಿನಲ್ಲಿ ಹೇಳುತ್ತಿದ್ದಳು. ಎರಡೂ ನಿಜವಾಗಿತ್ತು.

ಮರ್ವಿನ್ ಕಬ್ಬು ಕಡಿದು ಬೆಳೆದವನು, ಆಮೇಲೆ ಕಟಾವಿನ ಯಂತ್ರ ಓಡಿಸಿದವನು. ಅಂಗಿ ಹಾಕಿದ್ದು ಮದುವೆಗೆ ಮತ್ತು ಬ್ಯಾಂಕಿಗೆ ಎಂದು ಅವನೇ ಹೇಳಿಕೊಳ್ಳುತ್ತಿದ್ದ. ಬೆನ್ನ ಮೇಲೆ, ಎರಡು ಹೆಗಲೆಲುಬುಗಳ ನಡುವೆ, ಒಂದು ಕಪ್ಪು ಮಚ್ಚೆ ಬೆಳೆಯಿತು. ಅವನಿಗೆ ಅದು ಕಾಣುವ ಜಾಗವಲ್ಲ. ಕಂಡವರು ಅದನ್ನು ಹಳೆಯ ಮಚ್ಚೆ ಎಂದುಕೊಂಡರು. ಕೆಮ್ಮು ಶುರುವಾಗಿ ಆಸ್ಪತ್ರೆಗೆ ಹೋದಾಗ ಚರ್ಮದ ಕ್ಯಾನ್ಸರು ಶ್ವಾಸಕೋಶಕ್ಕೆ ಇಳಿದಿತ್ತು. ಕೊನೆಯ ತಿಂಗಳುಗಳಲ್ಲಿ ಅವನ ಮೈ ಒರೆಸಿದವಳು, ಮಗ್ಗಲು ಹೊರಳಿಸಿದವಳು ಟ್ರೂಡಿ. ನೋಲೀನ್ ಆ ಕೋಣೆಗೆ ಚಹಾ ತೆಗೆದುಕೊಂಡು ಬರುವಳು, ಬಾಗಿಲಲ್ಲೇ ನಿಲ್ಲುವಳು, ಚಹಾ ಆರಿಸಿಕೊಂಡು ಹಿಂದಿರುಗುವಳು.

ಆದ್ದರಿಂದ ಕ್ಯಾಮೆರಾ. ತಿಂಗಳ ಮೊದಲ ಭಾನುವಾರ ಒಬ್ಬೊಬ್ಬರೇ ಅದರ ಮುಂದೆ ನಿಲ್ಲಬೇಕು. ಅದು ಮೈಯ ಮಚ್ಚೆಗಳನ್ನೆಲ್ಲ ಹಿಂದಿನ ತಿಂಗಳ ಚಿತ್ರದ ಜೊತೆ ಹೋಲಿಸಿ ಪರದೆಯ ಮೇಲೆ ಬಣ್ಣ ಹಾಕುತ್ತಿತ್ತು. ಬದಲಾಗದಿದ್ದರೆ ಹಸಿರು, ಅನುಮಾನಕ್ಕೆ ಹಳದಿ, ಬದಲಾಗಿದ್ದರೆ ಕೆಂಪು. ಇದು ರೋಗ ಎಂದು ಅದು ಹೇಳುವುದಿಲ್ಲ. ಡಾಕ್ಟರಿಗೆ ತೋರಿಸಿ ಎನ್ನುತ್ತದೆ, ಅಷ್ಟೆ.

ಮಾತನ್ನು ಬಟ್ಟೆಯಂತೆ ತೊಳೆದು ಹಿಂಡಿ ಕೊನೆಗೆ ಒಂದು ಒಪ್ಪಂದವಾಯಿತು. ಭಾನುವಾರ ಬಿಟ್ಟು ಉಳಿದ ದಿನ ಕ್ಯಾಮೆರಾದ ಮೇಲೆ ನೋಲೀನ್ ಹೆಣೆದ, ಚಹಾ ಆರದಂತೆ ಪಾತ್ರೆಗೆ ಹಾಕುವ ಉಣ್ಣೆಯ ಟೋಪಿ ಇರಬೇಕು. ಫೋಟೋ ಡಾಕ್ಟರಿಗೆ ಬಿಟ್ಟು ಮನೆಯ ಹೊರಗೆ ಯಾರಿಗೂ ಹೋಗಕೂಡದು. ನೋಲೀನ್ ಬೆನ್ನು ತೋರಿಸುತ್ತಾಳೆ, ಆದರೆ ಬ್ರಾ ಪಟ್ಟಿ ಬಿಚ್ಚುವುದಿಲ್ಲ.

"ಪಟ್ಟಿ ಬಿಚ್ಚಿದ್ರೆ ಪೂರ್ತಿ ಕಾಣುತ್ತೆ," ಎಂದು ಟ್ರೂಡಿ ಕೇಳಿಕೊಂಡಳು.

"ಮರ್ವಿನ್ ಹೋದ ಮೇಲೆ ಅದನ್ನ ಯಾರ ಮುಂದೂ ಬಿಚ್ಚಿಲ್ಲ. ಟೋಪಿ ಹಾಕ್ಕೊಂಡಿರೋ ಡಬ್ಬಿಗೆ ಬಿಚ್ತೀನಾ?"

ಎರಡು ಬೆರಳಗಲದ ಪಟ್ಟಿ. ಇರಲಿ ಬಿಡು ಎಂದು ಟ್ರೂಡಿ ಸುಮ್ಮನಾದಳು.

ಜುಲೈನಲ್ಲಿ ಎಲ್ಲ ಹಸಿರು. ಆಗಸ್ಟಿನಲ್ಲಿ ಗ್ಲೆನ್‌ನ ಕುತ್ತಿಗೆಯ ಹಿಂದೆ ಒಂದು ಹಳದಿ. ಅವನು ತಗಡಿನ ಛಾವಣಿ ಹೊದಿಸುವ ಕೆಲಸದವನು. ಕುತ್ತಿಗೆ ಇಟ್ಟಿಗೆಯ ಬಣ್ಣ, ಹೊಟ್ಟೆ ಹಾಲಿನ ಬಣ್ಣ. ಡಾಕ್ಟರು ಅಲ್ಲೇ ದ್ರವ ಸಾರಜನಕ ಸಿಂಪಡಿಸಿ ಸುಟ್ಟು ಕಳಿಸಿದರು. ಅವತ್ತಿನಿಂದ ಅವನು ಹೆಂಡತಿಯನ್ನು ಡಾಕ್ಟ್ರಮ್ಮ ಎಂದು ಕರೆಯತೊಡಗಿದ. ಅಣಕವೇ ಆದರೂ ದನಿ ಮೆತ್ತಗಾಗಿತ್ತು. ನೋಲೀನಳ ಬೆನ್ನ ತುಂಬ ವಯಸ್ಸಾದವರಿಗೆ ಬರುವ ಕಂದು ನರುಲಿಗಳಿದ್ದವು, ಒಣಗಿದ ಮೇಣದ ಹನಿ ಅಂಟಿದ ಹಾಗೆ. ಅವೆಲ್ಲ ಹಸಿರು.

ಸೆಪ್ಟೆಂಬರಿನ ಮೊದಲ ವಾರ ಟವೆಲಿನ ಜಗಳವಾಯಿತು. ಬಟ್ಟೆ ಒಗೆಯುವ ಬುಟ್ಟಿಯಲ್ಲಿ ಟ್ರೂಡಿಯ ಒಳ್ಳೆಯ ಬಿಳಿ ಟವೆಲ್ಲು ಸಿಕ್ಕಿತು, ತುಂಬ ಕಂದು ಕಲೆ. ಬಿಸಿಲಿಗೆ ಹೋಗದೆ ಬಿಸಿಲಿನ ಬಣ್ಣ ಬರಿಸುವ ಲೋಷನ್ನು ಬ್ರೀಯ ಕಪಾಟಿನಲ್ಲಿತ್ತು. ಶಾಲೆಯ ಕೊನೆಯ ವರ್ಷದ ಔತಣಕ್ಕೆಂದು ಹಟ ಹಿಡಿದು ಕೊಂಡಿದ್ದಳು. ಮನೆಯಲ್ಲಿ ಅದನ್ನು ಬಾಟ್ಲಿ ಬಿಸಿಲು ಎನ್ನುತ್ತಿದ್ದರು.

"ಔತಣ ಇನ್ನೂ ತಿಂಗಳಿದೆ. ಈಗ್ಯಾಕೆ ಹಚ್ಕೊಂಡೆ?"

ಬ್ರೀ ಅಜ್ಜಿಯ ಮುಖ ನೋಡಿದಳು. ನೋಲೀನ್ ಬಟಾಣಿ ಸುಲಿಯುತ್ತಿದ್ದಳು, ತಲೆ ಎತ್ತಲಿಲ್ಲ.

"ಹೇಗೆ ಬರುತ್ತೆ ಅಂತ ನೋಡ್ದೆ."

"ನನ್ನ ಟವೆಲ್ ಮೇಲೆ ನೋಡ್ಬೇಕಿತ್ತಾ? ನಿನ್ನ ಕೈಕಾಲು ಬೆಳ್ಳಗೇ ಇದೆಯಲ್ಲ, ಎಲ್ಲಿಗೆ ಹಚ್ಕೊಂಡೆ?"

"ಮಮ್, ಟವೆಲ್ ನಾನೇ ಒಗೀತೀನಿ. ಬಿಡು."

"ಒಗೆದ್ರೆ ಹೋಗೋ ಕಲೆ ಅಲ್ಲ ಅದು."

"ಒಂದು ಟವೆಲಿಗೆ ಮಗೂನ ಯಾಕೆ ಹುರೀತೀಯ ಟ್ರೂಡ್?" ಎಂದಳು ನೋಲೀನ್. "ನನ್ನ ಕಪಾಟಿನಿಂದ ಎರಡು ತಗೋ."

ಅತ್ತೆ ತನ್ನ ಟವೆಲು ತಾನಾಗಿ ಕೊಟ್ಟಿದ್ದು ಅದೇ ಮೊದಲು. ಟ್ರೂಡಿಗೆ ಆಶ್ಚರ್ಯವಾಯಿತು, ಆದರೆ ತಾನು ಕೆಲಸ ಮಾಡುವ ಶಾಲೆಯ ಕ್ಯಾಂಟೀನಿಗೆ ಹೊತ್ತಾಗಿತ್ತು. ನೂರು ಮಕ್ಕಳ ಪೈ ಒಲೆಗೆ ಹೋಗಬೇಕಿತ್ತು.

ಆ ಭಾನುವಾರ ಕುರಿಮಾಂಸ ಓವನ್ನಿನಲ್ಲಿ ಬೇಯುತ್ತಿದ್ದಾಗ ಟ್ರೂಡಿ ಅತ್ತೆಯನ್ನು ಗೋಡೆಯ ಮುಂದೆ ನಿಲ್ಲಿಸಿ ಉಣ್ಣೆಯ ಟೋಪಿ ತೆಗೆದಳು. ಗುಂಡಿ ಒತ್ತಿದಳು. ಕೈಯಲ್ಲಿದ್ದ ಪರದೆಯಲ್ಲಿ ಬೆನ್ನು ಮೂಡಿತು, ಅದರ ಮೇಲೆ ಒಂದೊಂದಾಗಿ ಬಣ್ಣ ಬಿದ್ದವು. ಕೆಂಪು. ಇನ್ನೊಂದು ಕೆಂಪು. ಹೆಗಲಿನಿಂದ ಸೊಂಟದವರೆಗೆ ಕೆಂಪು.

"ಮುಗೀತಾ?" ನೋಲೀನ್ ಕೇಳಿದಳು.

"ಒಂದ್ನಿಮಿಷ. ಅಲ್ಲಾಡಿದ್ರಿ ಅನ್ಸುತ್ತೆ."

ಎರಡನೇ ಸಲವೂ ಅದೇ. ಟ್ರೂಡಿ ಪರದೆಯನ್ನೇ ನೋಡಿದಳು. ಎದುರಿಗೆ ಒಂದು ಮೊಳ ದೂರದಲ್ಲಿದ್ದ ಬೆನ್ನನ್ನು ನೋಡಲಿಲ್ಲ. ಟೋಪಿಯನ್ನು ಮತ್ತೆ ಕ್ಯಾಮೆರಾಕ್ಕೆ ಹಾಕಿದಳು.

ನೋಲೀನ್ ಅಂಗಿ ಹಾಕಿಕೊಂಡು ತಿರುಗಿ ಸೊಸೆಯ ಮುಖ ನೋಡಿದಳು. "ಎಷ್ಟು?" ಎಂದಳು.

"ಏನು ಎಷ್ಟು?"

"ನನಗೆ ಕಣ್ಣಿದೆ. ಎಷ್ಟು ಕೆಂಪು?"

"ಡಾಕ್ಟರಿಗೆ ತೋರಿಸಿದ್ರಾಯ್ತು."

"ಮರ್ವಿನ್‌ಗೂ ಬೆನ್ನೇ," ಎಂದು ಹೇಳಿ ಅವಳು ಅಡುಗೆಮನೆಗೆ ಹೋಗಿ ಮಾಂಸದ ಮೇಲೆ ಎಣ್ಣೆ ಸವರಿದಳು.

ಊಟದಲ್ಲಿ ಗ್ಲೆನ್ ತಟ್ಟೆ ಅರ್ಧಕ್ಕೆ ಬಿಟ್ಟು ಏಣಿ ಹಾಕಿ, ಕೊಳೆಯೇ ಇಲ್ಲದ ಛಾವಣಿಯ ಮಳೆನೀರಿನ ದೋಣಿಯನ್ನು ಸಂಜೆಯವರೆಗೆ ತೊಳೆದ.

ಪಕ್ಕದ ಪಟ್ಟಣ ಬಂಡಬರ್ಗಿನ ಚರ್ಮದ ಕ್ಲಿನಿಕ್ಕಿನವರು ಶುಕ್ರವಾರ ಬನ್ನಿ ಎಂದರು. ನೋಲೀನ್ ಒಪ್ಪಲಿಲ್ಲ.

"ಮುಂದಿನ ತಿಂಗಳು ಹೋಗ್ತೀನಿ. ಶನಿವಾರ ಕ್ಲಬ್ಬಿನಲ್ಲಿ ಕಾರ್ಯಕ್ರಮ ಇದೆ."

"ಏನು ಕಾರ್ಯಕ್ರಮ?"

"ಅಡುಗೆಮನೆಗೆ ಹೊಸ ಒಲೆ ತರಬೇಕು, ಅದಕ್ಕೆ ಚಂದಾ. ನಿನಗೆ ಬೇಡ ಅದು."

"ಮಮ್, ನಿನಗೆ ತಲೆ ನೆಟ್ಟಗಿದೆಯಾ?" ಗ್ಲೆನ್ ರೇಗಿದ. "ಬೆನ್ನ ತುಂಬ ಕೆಂಪು ಇಟ್ಕೊಂಡು ಒಲೆ ಚಿಂತೆ ಮಾಡ್ತೀಯ?"

"ಶುಕ್ರವಾರ ಅವರು ಕತ್ತರಿಸಿ ಹೊಲಿಗೆ ಹಾಕಿದ್ರೆ ಶನಿವಾರ ನಾನು ಹೇಗೆ ನಿಂತ್ಕೊಳ್ಳಲಿ?"

"ಕೂತ್ಕೋ. ಯಾರು ನಿಂತ್ಕೋ ಅಂದ್ರು?"

"ನಿನ್ನಪ್ಪನೂ ಹೀಗೇ ಅಂತಿದ್ರು," ಎಂದು ಟ್ರೂಡಿ ಗಂಡನಿಗೆ ಹೇಳಿದಳು, ಅತ್ತೆಗೆ ಕೇಳುವ ಹಾಗೆ. "ಕಟಾವು ಮುಗೀಲಿ, ಆಮೇಲೆ ಡಾಕ್ಟ್ರು ಅಂತ."

ನೋಲೀನ್ ಎದ್ದು ಹೋದಳು. ಮರುದಿನದಿಂದ ಮನೆಯಲ್ಲಿ ವಿಚಿತ್ರ ಸಂಗತಿಗಳು ನಡೆದವು. ಮರ್ವಿನ್‌ನ ಮೀನು ಹಿಡಿಯುವ ಕೋಲುಗಳು ಗ್ಲೆನ್‌ನ ಗಾಡಿಯಲ್ಲಿ ಬಂದು ಕೂತವು. ಬ್ರೀಯನ್ನು ಒಲೆಯ ಮುಂದೆ ನಿಲ್ಲಿಸಿ ಉಪ್ಪುಮಾಂಸಕ್ಕೆ ಬಿಳಿ ಸಾರು ಮಾಡುವುದನ್ನು ಕಲಿಸುವುದು ಶುರುವಾಯಿತು.

"ಹಿಟ್ಟು ಕೆಂಪಾಗೋಕೆ ಬಿಡ್ಬೇಡ. ನಿಮ್ಮಮ್ಮ ಬಿಡ್ತಾಳೆ, ಅದಕ್ಕೇ ಅವಳ ಸಾರು ಗೋಡೆಗೆ ಹಚ್ಚೋ ಅಂಟಿನ ಥರ."

"ನ್ಯಾನ್, ಇದೆಲ್ಲ ಈಗ್ಯಾಕೆ?"

"ಆಮೇಲೆ ನಿನಗೆ ಯಾರು ಹೇಳ್ಕೊಡ್ತಾರೆ, ನಿಮ್ಮಮ್ಮನಾ?"

ಬ್ರೀ ಸೌಟು ಬಿಟ್ಟು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಸಾರು ತಳ ಹಿಡಿಯಿತು. ಟ್ರೂಡಿ ಬಂದು ಒಲೆ ಆರಿಸಿದಳು. ಅತ್ತೆ ಸೊಸೆ ಇಬ್ಬರೂ ಸುಟ್ಟ ಪಾತ್ರೆಯ ಮುಂದೆ ನಿಂತರು.

"ಶುಕ್ರವಾರ ಬರ್ತೀನಿ," ಎಂದಳು ನೋಲೀನ್. "ಮಗು ಅಳೋದು ನನಗೆ ಆಗಲ್ಲ."

ಶುಕ್ರವಾರ ಟ್ರೂಡಿ ಕ್ಯಾಂಟೀನಿಗೆ ರಜೆ ಹಾಕಿದಳು. ದಾರಿಯ ಎರಡೂ ಕಡೆ ಕಬ್ಬು, ಎಲ್ಲೋ ಗದ್ದೆಗೆ ಬೆಂಕಿ ಹಾಕಿದ ವಾಸನೆ. ನೋಲೀನ್ ಒಳ್ಳೆಯ ಅಂಗಿ ಹಾಕಿಕೊಂಡು ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. "ಮೆಲ್ಲಗೆ ಓಡಿಸು" ಎಂದು ಒಂದು ಸಲವೂ ಹೇಳಲಿಲ್ಲ. ಅದೇ ಟ್ರೂಡಿಗೆ ಹೆಚ್ಚು ಭಯ ಹುಟ್ಟಿಸಿತು.

ಡಾಕ್ಟರ್ ಅನೋಮಾ ಶ್ರೀಲಂಕಾದವಳು, ನಡುವಯಸ್ಸಿನವಳು, ಅವಸರವಿಲ್ಲದವಳು. ಟ್ರೂಡಿ ಕೊಟ್ಟ ಕ್ಯಾಮೆರಾದ ಚಿತ್ರಗಳನ್ನು ನೋಡಿ ಪಕ್ಕಕ್ಕಿಟ್ಟಳು. ನೋಲೀನಳನ್ನು ಬೋರಲು ಮಲಗಿಸಿ, ದೀಪವಿರುವ ಭೂತಗನ್ನಡಿಯಿಂದ ಒಂದೊಂದೇ ನರುಲಿಯನ್ನು ನೋಡುತ್ತ ಹೋದಳು. ಹತ್ತಿಗೆ ಸ್ಪಿರಿಟ್ಟು ಹಾಕಿ ಒಂದನ್ನು ಉಜ್ಜಿದಳು. ಹತ್ತಿ ನೋಡಿದಳು. ಅಂಟುಪಟ್ಟಿಯ ತುಂಡನ್ನು ನರುಲಿಯ ಮೇಲೆ ಒತ್ತಿ ಕಿತ್ತಳು, ಮತ್ತೆ ಒತ್ತಿ ಕಿತ್ತಳು. ಪಟ್ಟಿಗೆ ಕಂದು ಪುಡಿ ಅಂಟಿಕೊಂಡಿತು. ಕೆಳಗಿನ ನರುಲಿಯ ಬಣ್ಣ ತಿಳಿಯಾಗಿತ್ತು.

"ಇತ್ತೀಚೆಗೆ ಬೆನ್ನಿಗೆ ಬಣ್ಣ ಬರಿಸೋ ಲೋಷನ್ ಏನಾದ್ರೂ ಹಚ್ಕೊಂಡಿದ್ರಾ?"

"ಇಲ್ಲ ಡಾಕ್ಟರ್," ಎಂದಳು ಟ್ರೂಡಿ. "ಅವರಿಗೆ ಎಪ್ಪತ್ತನಾಲ್ಕು ವರ್ಷ. ಮುಖಕ್ಕೆ ಪೌಡರೇ ಹಾಕಲ್ಲ."

ದಿಂಬಿನೊಳಗಿಂದ ನೋಲೀನಳ ದನಿ ಬಂತು. "ಹಚ್ಕೊಂಡಿದ್ದೆ."

"ಏನು?"

"ಬ್ರೀ ಹಚ್ಚಿದ್ಲು. ಅವಳಿಗೆ ಏನೂ ಅನ್ಬೇಡ, ನಾನೇ ಹೇಳಿದ್ದು."

"ಯಾಕೆ?"

"ಕ್ಯಾಲೆಂಡರಿಗೆ."

ಟ್ರೂಡಿಗೆ ಅರ್ಥವಾಗಲಿಲ್ಲ. ನೋಲೀನ್ ಮುಖ ಎತ್ತದೆ, ಮಂಚದ ಕಾಗದದ ಹೊದಿಕೆಗೆ ಹೇಳುವಂತೆ ಹೇಳಿದಳು. ಒಲೆಯ ಚಂದಾಕ್ಕೆ ಕ್ಲಬ್ಬಿನ ಹನ್ನೆರಡು ಹೆಂಗಸರು ಸೇರಿ ಕ್ಯಾಲೆಂಡರ್ ಮಾಡಿದ್ದಾರೆ. ತಿಂಗಳಿಗೊಬ್ಬರು. ಬಿಳಿ ಟೋಪಿ, ಕೈಯಲ್ಲಿ ಬೌಲ್ಸ್ ಗುಂಡು, ಕ್ಯಾಮೆರಾಕ್ಕೆ ಬೆನ್ನು. ಬರಿ ಬೆನ್ನು. ಶನಿವಾರ ಬಿಡುಗಡೆ. ಅಲ್ಲಿಯವರೆಗೆ ಮನೆಯಲ್ಲಿ ಹೇಳಕೂಡದೆಂದು ಎಲ್ಲರೂ ಮಾತು ಕೊಟ್ಟಿದ್ದರು.

"ಜನವರಿಯವಳು ಸಮುದ್ರದಲ್ಲಿ ಬಿದ್ದು ಹೊರಳಾಡ್ತಾಳೆ, ತಾಮ್ರದ ಹಾಗಿದ್ದಾಳೆ. ನಾನು ಮಾತ್ರ ಕೋಳಿಮಾಂಸದ ಥರ ಕಾಣ್ಬೇಕಾ? ಫೋಟೋ ಆದ ಮೇಲೆ ತಿಕ್ಕಿ ತೊಳ್ಕೊಂಡೆ. ಹೋಯ್ತು ಅಂದ್ಕೊಂಡೆ."

"ಚರ್ಮದ ಮೇಲಿಂದು ಹೋಗಿದೆ," ಎಂದಳು ಡಾಕ್ಟರ್. ಅವಳ ತುಟಿಯ ಮೂಲೆ ಅದುರುತ್ತಿತ್ತು. "ಈ ನರುಲಿಗಳು ಒರಟು, ಬಣ್ಣ ಕುಡಿದು ಹಿಡ್ಕೊಂಡಿವೆ. ಕ್ಯಾಮೆರಾ ಪಾಪ ಕಪ್ಪಾಗಿದ್ದು ಕಪ್ಪಾಗಿದೆ ಅಂದಿದೆ. ಇವು ಯಾವುವೂ ಏನೂ ಅಲ್ಲ."

ಟ್ರೂಡಿ ಕುರ್ಚಿಯಲ್ಲಿ ಕೂತಳು. ನಗು ಬಂತು, ನಿಲ್ಲಿಸಲಾಗಲಿಲ್ಲ, ಬಾಯಿಗೆ ಕೈ ಅಡ್ಡ ಹಿಡಿದಳು. ನೋಲೀನಳ ಬೆನ್ನೂ ಅಲುಗುತ್ತಿತ್ತು.

"ಇದನ್ನೂ ಬಿಚ್ಚಿ," ಎಂದು ಡಾಕ್ಟರ್ ಬ್ರಾ ಪಟ್ಟಿ ಮುಟ್ಟಿದಳು. "ಬಂದಿದ್ದೀರಿ, ಪೂರ್ತಿ ನೋಡೋಣ."

ನೋಲೀನ್ ಕೈ ಹಿಂದೆ ಚಾಚಿ ಕೊಕ್ಕೆ ತೆಗೆದಳು. ಡಾಕ್ಟರ್ ಭೂತಗನ್ನಡಿ ಇಟ್ಟಳು. ಎಡಗಡೆ, ಪಟ್ಟಿ ಒತ್ತಿದ ಗುರುತಿನ ಮೇಲೆಯೇ, ಅದು ನಿಂತುಬಿಟ್ಟಿತು. ಬಹಳ ಹೊತ್ತು ನಿಂತಿತು.

"ಇದು ಕ್ಯಾಮೆರಾದಲ್ಲಿ ಬಂದಿತ್ತಾ?"

ಟ್ರೂಡಿ ಎದ್ದು ಬಂದಳು. ಚಪ್ಪಟೆ, ಅಂಚು ಸರಿಯಿಲ್ಲದ, ಕಿರುಬೆರಳ ಉಗುರಿನಷ್ಟರ ಕಲೆ. ಒಂದು ಕಡೆ ತಿಳಿ ಕಂದು, ಇನ್ನೊಂದು ಕಡೆ ಕಪ್ಪು.

"ಇಲ್ಲ," ಎಂದಳು. "ಪಟ್ಟಿ ಕೆಳಗಿತ್ತು."

ಈ ಸಲ ಅಂಟುಪಟ್ಟಿಗೆ ಬಣ್ಣ ಬರಲಿಲ್ಲ. ಇದನ್ನು ಇವತ್ತೇ ತೆಗೆಯುತ್ತೇನೆ, ಪರೀಕ್ಷೆಗೆ ಕಳಿಸುತ್ತೇನೆ ಎಂದಳು ಡಾಕ್ಟರ್. ಚುಚ್ಚುಮದ್ದು, ಕತ್ತರಿ, ಹೊಲಿಗೆ. ನೋಲೀನ್ ಸೊಸೆಯ ಕೈ ಹಿಡಿಯಲಿಲ್ಲ. ಕೈಚೀಲದ ಹಿಡಿಯನ್ನು ಹಿಡಿದಿದ್ದಳು.

ವಾಪಸು ಬರುವಾಗ ಅರ್ಧ ದಾರಿಯವರೆಗೆ ಟ್ರೂಡಿ ತಡೆದುಕೊಂಡಳು.

"ಊರಿಗೆಲ್ಲ ಬರಿ ಬೆನ್ನು ತೋರಿಸಿದ್ರಿ. ಫೋಟೋಗ್ರಾಫರ್ ಯಾರು?"

"ಪೋಸ್ಟಾಫೀಸಿನ ಹುಡುಗ."

"ಪೋಸ್ಟಾಫೀಸಿನ ಹುಡುಗನಿಗೆ ಪಟ್ಟಿ ಬಿಚ್ಚಿದ್ರಿ. ಮನೆಯೊಳಗೆ, ಬಾಗಿಲು ಹಾಕ್ಕೊಂಡು, ನನಗೆ ಬಿಚ್ಚಲಿಲ್ಲ."

"ಅಲ್ಲಿ ನಗ್ತಾ ಇದ್ವಿ ಟ್ರೂಡ್. ನೀನು ಆ ಪರದೆ ಹಿಡ್ಕೊಂಡು ನಿಂತ್ರೆ ಮರ್ವಿನ್ ಮೈ ಒರೆಸ್ತಿದ್ದೆಯಲ್ಲ, ಅದೇ ಮುಖ. ಆ ಮುಖಕ್ಕೆ ನನಗೆ ಬಟ್ಟೆ ಬಿಚ್ಚೋಕೆ ಆಗಲ್ಲ."

ಸ್ವಲ್ಪ ದೂರ ಹೋದ ಮೇಲೆ ನೋಲೀನ್ ಹೇಳಿದಳು: "ಮೆಲ್ಲಗೆ ಓಡಿಸು. ಮುಂದೆ ಟ್ರ್ಯಾಕ್ಟರ್ ಇದೆ."

ಅಂದು ಸಂಜೆ ಮೀನು ಮತ್ತು ಕರಿದ ಆಲೂಗಡ್ಡೆ ಕಟ್ಟಿಸಿಕೊಂಡು ಬಂದರು. ಕಾಗದ ಬಿಚ್ಚಿ ಮೇಜಿನ ಮೇಲೆ ಹರಡಿ ಟ್ರೂಡಿ ವಿಷಯ ಹೇಳಿದಳು. ಬಾಟ್ಲಿ ಬಿಸಿಲಿನ ಕಥೆ ಮೊದಲು, ಪಟ್ಟಿಯ ಕೆಳಗಿನದ್ದು ಆಮೇಲೆ. ಗ್ಲೆನ್‌ಗೆ ಮೊದಲನೆಯದಕ್ಕೇ ಮೀನು ಗಂಟಲಲ್ಲಿ ಸಿಕ್ಕಿಕೊಂಡಿತು.

"ಯಾವ ತಿಂಗಳು?" ಎಂದ ನೀರು ಕುಡಿದು.

"ಅಕ್ಟೋಬರ್."

"ನಾನು ಅಕ್ಟೋಬರಿನಲ್ಲಿ ಹುಟ್ಟಿದ್ದು ಮಮ್. ಪ್ರತಿ ವರ್ಷ ಹುಟ್ಟಿದ ಹಬ್ಬದ ದಿನ ನಿನ್ನ ಬೆನ್ನು ನೋಡ್ಬೇಕಾ?"

"ಒಂದೇ ವರ್ಷದ ಕ್ಯಾಲೆಂಡರ್ ಅದು. ಮುಂದಿನ ವರ್ಷ ನೀವು ಗಂಡಸರು ಮಾಡಿ."

"ಮಮ್," ಎಂದಳು ಬ್ರೀ ಸಣ್ಣ ದನಿಯಲ್ಲಿ. "ಲೋಷನ್ನಿಂದ ಹೀಗಾಗುತ್ತೆ ಅಂತ ನನಗೆ ಹೊಳೀಲೇ ಇಲ್ಲ. ನ್ಯಾನ್ ಸಾಯ್ತಾರೆ ಅಂದ್ಕೊಂಡಿದ್ದೆ. ಹೇಳಿಬಿಡ್ಬೇಕಿತ್ತು."

"ಟವೆಲಿಗೆ ನಿನ್ನನ್ನ ಬೈದೆ," ಎಂದಳು ಟ್ರೂಡಿ. "ಬೈಸ್ಕೊಂಡು ಸುಮ್ಮನಿದ್ದೆಯಲ್ಲ, ಕತ್ತೆ." ದೊಡ್ಡ ಮೀನಿನ ತುಂಡನ್ನು ಮಗಳ ಕಡೆ ಸರಿಸಿದಳು.

ಶನಿವಾರ ನೋಲೀನ್ ಕ್ಲಬ್ಬಿನಲ್ಲಿ ಕೂತೇ ಕ್ಯಾಲೆಂಡರ್ ಮಾರಿದಳು. ಗ್ಲೆನ್ ಐದು ಕೊಂಡ. ಪುಟ ತಿರುಗಿಸುತ್ತ ಅಕ್ಟೋಬರ್ ಬಂದಾಗ ಛಾವಣಿ ನೋಡಿ, ಇಲ್ಲಿ ಒಂದು ತಗಡು ಸಡಿಲವಾಗಿದೆ ಎಂದ.

ಪರೀಕ್ಷೆಯ ಫಲಿತಾಂಶ ಮುಂದಿನ ವಾರ ಬಂತು. ಅದು ಮರ್ವಿನ್‌ಗೆ ಬಂದಿದ್ದ ಅದೇ ರೋಗ. ಆದರೆ ಚರ್ಮದ ಮೇಲ್ಪದರದಲ್ಲೇ ಇದೆ, ಕೆಳಗೆ ಇಳಿದಿಲ್ಲ. ಸುತ್ತ ಇನ್ನಷ್ಟು ಅಗಲಕ್ಕೆ ಕತ್ತರಿಸಬೇಕು, ಕತ್ತರಿಸಿದ ತುಂಡಿನ ಅಂಚಿನಲ್ಲಿ ರೋಗವಿಲ್ಲದಿದ್ದರೆ ಅಲ್ಲಿಗೆ ಮುಗಿಯಿತು. ಇಲ್ಲದಿದ್ದರೆ ಮತ್ತೆ ನೋಡಬೇಕು. ಅದೇ ರೋಗ ಎಂಬ ಮಾತು ಕೇಳಿದ ಮೇಲೆ ಉಳಿದ ಮಾತು ಗ್ಲೆನ್‌ನ ಕಿವಿಗೆ ಬೀಳಲಿಲ್ಲ. ಟ್ರೂಡಿ ಅದನ್ನು ಅವನಿಗೆ ಎರಡು ಸಲ ಹೇಳಬೇಕಾಯಿತು. ಮೂರನೇ ಸಲ ನೋಲೀನ್ ತಾನೇ ಹೇಳಿದಳು.

"ಮೇಲ್ಗಡೆ ಇದೆಯಂತೆ ಕಣೋ. ನಿಮ್ಮಪ್ಪಂದು ಕೆಳಗೆ ಹೋಗಿತ್ತು. ನಂದು ಮೇಲ್ಗಡೆ. ಈಗ ಎದ್ದು ಕಸದ ಡಬ್ಬಿ ಹೊರಗಿಡು, ನಾಳೆ ಗಾಡಿ ಬರುತ್ತೆ."

ಎರಡನೇ ಸಲ ಕತ್ತರಿಸಿದರು. ಗಾಯ ದೊಡ್ಡದು, ಹೊಲಿಗೆ ಹೆಚ್ಚು. ಕೈ ಮೇಲೆತ್ತಬಾರದು, ಬಗ್ಗಬಾರದು, ಆಟ ಬೇಡ ಎಂದು ಕಳಿಸಿದರು. ಗಾಯದ ಪಟ್ಟಿ ಬದಲಿಸುವ ಕೆಲಸ ಟ್ರೂಡಿಯದು. ಬೆಳಿಗ್ಗೆ ಕ್ಯಾಂಟೀನಿಗೆ ಹೋಗುವ ಮೊದಲು ಅತ್ತೆಯನ್ನು ಅಡುಗೆಮನೆಯ ಸ್ಟೂಲಿನ ಮೇಲೆ ಕೂರಿಸಿ ಬದಲಿಸುತ್ತಿದ್ದಳು. ಮುಖ ಹೇಗಿಟ್ಟುಕೊಳ್ಳಬೇಕೆಂದು ತಿಳಿಯದೆ ಮೊದಲ ದಿನ ಒದ್ದಾಡಿದಳು. ಎರಡನೇ ದಿನ ರೇಡಿಯೋ ಹಾಕಿದಳು. ಮೂರನೇ ದಿನ ಪುಡಿಂಗು ಯಾಕೆ ಉಬ್ಬುವುದಿಲ್ಲ ಎಂದು ಕೇಳಿದಳು. ಅವತ್ತಿನಿಂದ ಆ ಹೊತ್ತು ಇಬ್ಬರಿಗೂ ಸಾಲುತ್ತಿರಲಿಲ್ಲ. ಓವನ್ನಿನ ಬಾಗಿಲು ತೆಗೆದು ತೆಗೆದು ನೋಡುವವರ ಬಗ್ಗೆ ನೋಲೀನಳಿಗೆ ಹೇಳಲು ಬಹಳವಿತ್ತು.

ಫೋನು ಬಂದಾಗ ಟ್ರೂಡಿ ಕ್ಯಾಂಟೀನಿನಲ್ಲಿ ಪೈಗಳ ತಟ್ಟೆ ಓವನ್ನಿನಿಂದ ಎಳೆಯುತ್ತಿದ್ದಳು. ನೋಲೀನ್ ಆಟದಂಗಳಕ್ಕೆ ಫೋನು ಒಯ್ಯುವುದಿಲ್ಲವೆಂದು ಕ್ಲಿನಿಕ್ಕಿಗೆ ಸೊಸೆಯ ನಂಬರು ಕೊಟ್ಟಿದ್ದಳು. ಮಾತು ಎರಡು ನಿಮಿಷದಲ್ಲಿ ಮುಗಿಯಿತು. ಟ್ರೂಡಿ ಏಪ್ರನ್ನು ಬಿಚ್ಚದೆ, ತಟ್ಟೆಯನ್ನು ಜೊತೆಗಾತಿಯ ಕೈಗೆ ಕೊಟ್ಟು, ಕಾರು ಹತ್ತಿದಳು. ಆಟ ನೋಡಿ ಬರುತ್ತೇನೆಂದು ನೋಲೀನ್ ಕ್ಲಬ್ಬಿಗೆ ಹೋಗಿದ್ದಳು.

ಬೌಲ್ಸ್ ಅಂಗಳದ ಹುಲ್ಲು ಬೋಳಿಸಿದ ಗಲ್ಲದ ಹಾಗೆ ನುಣುಪಾಗಿತ್ತು. ದೂರದಲ್ಲಿ ಬಿಳಿ ಬಟ್ಟೆಯ ನಾಲ್ಕು ಹೆಂಗಸರು. ಅದರಲ್ಲೊಬ್ಬಳು ನೋಲೀನ್, ಕೈಯಲ್ಲಿ ಗುಂಡು.

"ಷೂ! ಷೂ!" ಎಂದು ಕ್ಲಬ್ಬಿನ ಕಾರ್ಯದರ್ಶಿ ಹುಲ್ಲು ಕೆಡುತ್ತದೆಂಬ ಗಾಬರಿಯಲ್ಲಿ ಕೂಗಿದ. ಟ್ರೂಡಿ ಕ್ಯಾಂಟೀನಿನ ದಪ್ಪ ಷೂಗಳನ್ನು ಅಂಚಿನಲ್ಲೇ ಕಿತ್ತು ಬಿಸುಟು ಬರಿಗಾಲಲ್ಲಿ ನಡೆದಳು.

"ಏನು ಮಾಡ್ತಿದ್ದೀರಿ ನೀವು?"

"ಕೈ ಎತ್ತಿಲ್ಲ, ನೋಡು." ನೋಲೀನ್ ಬಗ್ಗಲಾಗದ ಮುದುಕರು ಗುಂಡು ಉರುಳಿಸಲು ಬಳಸುವ ಉದ್ದ ಕೋಲನ್ನು ತೋರಿಸಿದಳು. ಗುಂಡು ಅದರ ತುದಿಯಲ್ಲಿತ್ತು. "ಬಗ್ಗೂ ಇಲ್ಲ. ಎರವಲು ತಂದೆ."

"ಹೊಲಿಗೆ ಹರಿದ್ರೆ?"

"ಹರಿದ್ರೆ ಹೊಲೀತಾರೆ. ಈ ಹೊತ್ತಲ್ಲಿ ನೀನ್ಯಾಕೆ ಬಂದೆ? ಮಕ್ಕಳಿಗೆ ಪೈ ಯಾರು ಕೊಡ್ತಾರೆ?"

"ಫೋನ್ ಬಂತು."

ಕೋಲು ಹುಲ್ಲಿಗೆ ತಗುಲಿ ನಿಂತಿತು. ಉಳಿದ ಮೂವರು ಹೆಂಗಸರು, ಕ್ಯಾಲೆಂಡರಿನ ಜನವರಿ, ಮಾರ್ಚ್ ಮತ್ತು ಜುಲೈ, ಹತ್ತಿರ ಬಂದರು.

"ಆ ಕಡೆ ಹೋಗೋಣ ಬನ್ನಿ," ಎಂದಳು ಟ್ರೂಡಿ.

"ಇಲ್ಲೇ ಹೇಳು. ಇವರೆಲ್ಲ ನನ್ನ ಬೆನ್ನು ನೋಡಿರೋರೇ."

"ಅಂಚಿನಲ್ಲಿ ಏನೂ ಇಲ್ಲ. ಎಲ್ಲ ಬಂದಿದೆ. ಔಷಧಿ ಬೇಡ, ಮತ್ತೆ ಕತ್ತರಿಸೋದು ಬೇಡ. ಮೂರು ತಿಂಗಳಿಗೊಂದ್ಸಲ ತೋರಿಸಿದ್ರೆ ಸಾಕಂತೆ."

ನೋಲೀನ್ ಹುಲ್ಲನ್ನು ನೋಡುತ್ತ ನಿಂತಳು. ಜನವರಿ ಟೋಪಿ ತೆಗೆದು ಗಾಳಿ ಹಾಕಿಕೊಂಡಳು.

"ಸರಿ," ಎಂದಳು ನೋಲೀನ್ ಕೊನೆಗೆ. ಕೋಲು ಬೀಸಿದಳು. ಗುಂಡು ಗುರಿಯಾಗಿ ಇಟ್ಟ ಚಿಕ್ಕ ಬಿಳಿ ಗುಂಡಿನ ಹತ್ತಿರವೂ ಸುಳಿಯದೆ ಅಂಗಳ ದಾಟಿ ಕೊನೆಯ ಕಾಲುವೆಗೆ ಬಿದ್ದು ಸದ್ದು ಮಾಡಿತು.

"ನೀನು ಅಡ್ಡ ನಿಂತಿದ್ದೆ," ಎಂದಳು ಸೊಸೆಗೆ.

"ನಾನು ಹಿಂದೆ ನಿಂತಿದ್ದೆ."

"ಹೇಗೂ ಬರಿಗಾಲಲ್ಲಿ ಬಂದಿದ್ದೀಯ. ತಗೋ, ಒಂದು ಉರುಳಿಸು."

ಟ್ರೂಡಿ ಅಷ್ಟು ವರ್ಷ ಆ ಗುಂಡನ್ನು ಮುಟ್ಟಿರಲಿಲ್ಲ. ಅದು ಅಂದುಕೊಂಡದ್ದಕ್ಕಿಂತ ಭಾರವಾಗಿತ್ತು. ಏಪ್ರನ್ನು ಸರಿಸಿ, ಬಗ್ಗಿ, ಬಿಟ್ಟಳು. ಗುಂಡು ಸ್ವಲ್ಪ ದೂರ ನೇರ ಹೋಗಿ, ಆಮೇಲೆ ಡೊಂಕಾಗಿ ತಿರುಗಿ, ಪಕ್ಕದವರ ಆಟದೊಳಗೆ ನುಗ್ಗಿ ಅವರ ಗುಂಡುಗಳನ್ನೆಲ್ಲ ಚದುರಿಸಿತು. ಅಲ್ಲಿಯ ಗಂಡಸೊಬ್ಬ, ಯಾರಮ್ಮ ಅದು, ಕಣ್ಣು ಕಾಣಲ್ವಾ ಎಂದು ಬೈದ.

ನೋಲೀನ್ ಕೋಲೂರಿಕೊಂಡು ಅವನ ಕಡೆ ತಿರುಗಿದಳು. ಅವಳು ಬೈದ ಬೈಗುಳ ರಸ್ತೆಯವರೆಗೂ ಕೇಳಿಸಿತು.